ಎರಡನೆಯ ಸದ್ದು

ಟಿ.ವಿ.ಯಲ್ಲಿ ರಾಕೆಟ್ ಹಾರಿಸುವುದನ್ನು ತೋರಿಸಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಹತ್ತರಿಂದ ಹಿಂದಕ್ಕೆ ಎಣಿಸುತ್ತಾರೆ. ಹೊಗೆ ಎದ್ದು ಅದು ಮೇಲೆ ಹೋಯಿತೋ, ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ. ನಾನು ಮಾತ್ರ ಕೂತೇ ಇರುತ್ತೇನೆ. "ಅಜ್ಜಿ, ಹೋಯ್ತಲ್ಲ, ಇನ್ನೇನು ನೋಡ್ತೀಯ?" ಎಂದು ಮೊಮ್ಮಗಳು ರಿಮೋಟ್ ಕಿತ್ತುಕೊಳ್ಳುತ್ತಾಳೆ. ಹೋದದ್ದು ನನಗೂ ಕಾಣಿಸಿತು. ವಾಪಸ್ ಬಂತೋ ಇಲ್ಲವೋ ಎಂಬುದು ನನ್ನ ಚಿಂತೆ. ಈ ಚಿಂತೆಯನ್ನು ನನಗೆ ಅಂಟಿಸಿದವರು ಕಳೆದ ತಿಂಗಳು ತೀರಿಕೊಂಡರು. ಅವರ ಹೆಸರು ಹೇಳುವುದಿಲ್ಲ. ನಾನು ಅವರನ್ನು ಅಕ್ಕ ಎಂದೇ ಕರೆದದ್ದು, ಇಲ್ಲಿಯೂ ಹಾಗೆಯೇ ಇರಲಿ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕುಶಾಲನಗರದ ಕಡೆಯ ಬಯಲಿನಲ್ಲಿ ರಾಗಿ ಮುದ್ದೆ ತಿಂದು ಬೆಳೆದ ನನ್ನನ್ನು ಮಡಿಕೇರಿಯಿಂದ ಆಚೆ ಭಾಗಮಂಡಲದ ದಿಕ್ಕಿನ ಒಂದು ಹಳ್ಳಿಯ ಶಾಲೆಗೆ ಕನ್ನಡ ಟೀಚರ್ ಎಂದು ಹಾಕಿದರು. ಬಸ್ಸಿಳಿದು ಹೆಡ್‌ಮೇಷ್ಟ್ರನ್ನು ಕಂಡೆ. ಅವರು ನನ್ನ ಟ್ರಂಕನ್ನೂ ನನ್ನ ಕಾಲಿಗೆ ಹತ್ತಿದ್ದ ಜಿಗಣೆಯನ್ನೂ ನೋಡಿ, "ನಮ್ಮ ಸೈನ್ಸ್ ಟೀಚರ ಮನೆಯಲ್ಲಿ ಒಂದು ಕೋಣೆ ಖಾಲಿ ಉಂಟು. ಹೋಗಿ. ಆದರೆ ಅಂಗಳ ದಾಟುವಾಗ ಮೇಲೆ ನೋಡಿಕೊಂಡು ಹೋಗಿ," ಎಂದರು. ಯಾಕೆ ಎಂದು ನನಗೆ ತಿಳಿಯಲಿಲ್ಲ.

ಅಂಗಳಕ್ಕೆ ಕಾಲಿಟ್ಟ ಕೂಡಲೇ, "ಸ್ವಲ್ಪ ಆಚೆ ಸರೀರಿ, ತಲೆ ಮೇಲೆ ಬೀಳ್ತದೆ!" ಎಂದು ಮೇಲಿನಿಂದ ಕೂಗು ಕೇಳಿಸಿತು. ದನದ ಹಟ್ಟಿಯ ಮಾಡಿನ ಮೇಲೆ, ಸೀರೆಯ ಮೇಲೊಂದು ಗಂಡಸರ ಹಳೆಯ ಕೋಟು ಹಾಕಿಕೊಂಡು, ಒಬ್ಬ ಹೆಂಗಸು ನಿಂತಿದ್ದರು. ಅವರ ಕೈಯಿಂದ ಬಿಟ್ಟ ಕಿತ್ತಳೆ ಹಣ್ಣೊಂದು ನಾಲ್ಕು ಮೂಲೆಗೂ ದಾರ ಕಟ್ಟಿದ ಕರವಸ್ತ್ರದಿಂದ ತೂಗಾಡುತ್ತ ನಿಧಾನವಾಗಿ ಇಳಿದು ನನ್ನ ಟ್ರಂಕಿನ ಪಕ್ಕ ಕೂತಿತು. ಅವರು ಏಣಿಯಿಂದ ಇಳಿದು ಬಂದು ನನ್ನನ್ನು ಯಾರು ಏನು ಎಂದು ಕೇಳಲಿಲ್ಲ. ಹಣ್ಣನ್ನು ಒತ್ತಿ ನೋಡಿ, "ಎಲ್ಲಿಯೂ ಜಜ್ಜಿಲ್ಲ ಅಲ್ವಾ? ನೀವೇ ನೋಡಿ," ಎಂದು ನನ್ನ ಕೈಗೆ ಕೊಟ್ಟರು. ನಾನು ಹಸಿದಿದ್ದೆ, ಸುಲಿದು ತಿಂದುಬಿಟ್ಟೆ. ಅವರ ಪರೀಕ್ಷೆಯ ವಸ್ತುವನ್ನೇ ನುಂಗಿದೆ ಎಂದು ಆಮೇಲೆ ಎಷ್ಟೋ ವರ್ಷ ನನ್ನನ್ನು ಹಂಗಿಸಿದರು.

ಆ ಕೋಟು ಅವರ ಅಪ್ಪನದು. ಅದರ ಜೇಬುಗಳಲ್ಲಿ ಏನಿರುತ್ತಿರಲಿಲ್ಲ ಎಂದು ಹೇಳುವುದು ಸುಲಭ. ದಾರದ ಉಂಡೆ, ಸೀಮೆಸುಣ್ಣ, ತಗಡಿನ ಚೂರು, ಒಂದು ಸಲ ಜೀವಂತ ಏಡಿ. ಊಟಕ್ಕೆ ಕೂತರೆ ಅಕ್ಕಿ ರೊಟ್ಟಿ ಒಂದೇ ಕಡೆ ಯಾಕೆ ಉಬ್ಬುತ್ತದೆ ಎಂದು ಕೇಳುತ್ತಿದ್ದರು. ಉತ್ತರ ಹುಡುಕುವಷ್ಟರಲ್ಲಿ ಒಲೆಯ ಮೇಲಿನ ಮುಂದಿನ ರೊಟ್ಟಿ ಕರಕಲು. ಅಡುಗೆಮನೆ ನನ್ನ ಕೈಗೆ ಬಂದದ್ದು ಹೀಗೆ. ಯಾರೂ ಒಪ್ಪಿಸಲಿಲ್ಲ, ಹೊಟ್ಟೆಯ ಸಲುವಾಗಿ ನಾನೇ ಹಿಡಿದುಕೊಂಡೆ.

ಶಾಲೆಯಲ್ಲಿ ಅವರು ಬೆತ್ತ ಮುಟ್ಟಿದ್ದನ್ನು ನಾನು ಕಂಡಿಲ್ಲ. ತಡವಾಗಿ ಬಂದ ಮಕ್ಕಳು ದಾರಿಯಲ್ಲಿ ಕಂಡದ್ದರ ಬಗ್ಗೆ ಟೀಚರಿಗೇ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಬೇಕು, ಅದೇ ಶಿಕ್ಷೆ. ಮಕ್ಕಳು ಬೇಕೆಂದೇ ತಡವಾಗಿ ಬರಲು ಶುರುಮಾಡಿದರು. ಹೆಡ್‌ಮೇಷ್ಟ್ರು ತಲೆ ಚಚ್ಚಿಕೊಂಡರು.

ರಷ್ಯಾದವರು ಒಂದು ನಾಯಿಯನ್ನು ಆಕಾಶಕ್ಕೆ ಕಳಿಸಿದ್ದಾರೆ ಎಂಬ ಸುದ್ದಿ ಆಗಲೇ ಹಳೆಯದಾಗಿತ್ತು. ಅಕ್ಕನ ಸಿಟ್ಟು ಮಾತ್ರ ಹಳೆಯದಾಗಿರಲಿಲ್ಲ. ಪೇಪರಿನಲ್ಲಿ ಬಂದ ನಾಯಿಯ ಚಿತ್ರವನ್ನು ಗೋಡೆಗೆ ಅಂಟಿಸಿದ್ದರು.

"ಎಷ್ಟು ದೊಡ್ಡ ಕೆಲಸ ಮಾಡಿದರಲ್ಲ ಅಕ್ಕ," ಎಂದೆ ನಾನು.

"ಎಂಥ ದೊಡ್ಡ ಕೆಲಸ ಮಾರಾಯ್ತಿ? ಆ ನಾಯಿ ಎಲ್ಲಿ? ವಾಪಸ್ ಕರ್ಕೊಂಡು ಬರ್ಲಿಕ್ಕೆ ಗೊತ್ತಿಲ್ಲದವರು ಕಳಿಸಬಾರದು. ಹೋದದ್ದು ಬರಬೇಕು. ಬರದಿದ್ರೆ ಅದು ಹಾರಿಸಿದ್ದಲ್ಲ, ಕಳ್ಕೊಂಡದ್ದು."

"ಅದೆಲ್ಲ ಹೇಳೋದು ಸುಲಭ ಕಣಕ್ಕಾ. ಮಾಡಿ ತೋರಿಸಿ ನೋಡೋಣ."

ನಾನು ತಮಾಷೆಗೆ ಅಂದದ್ದು. ಅವರು ಗೋಡೆಯ ಮೇಲಿನ ನಾಯಿಯ ಕಡೆ ತಿರುಗಿ, "ತೋರಿಸಬೇಕು," ಎಂದರು.

ತೋರಿಸಬೇಕಾದದ್ದು ನನಗಲ್ಲ ಎಂಬುದು ನಿಧಾನವಾಗಿ ತಿಳಿಯಿತು. ಜಗಲಿಯಲ್ಲಿ ಮಂಚದ ಮೇಲೆ ಅವರ ಅಪ್ಪ ಇರುತ್ತಿದ್ದರು. ಬರ್ಮಾ ಯುದ್ಧಕ್ಕೆ ಹೋಗಿ ಬಂದ ಆಳು. ಒಂದು ಕಾಲು ಮಡಚುತ್ತಿರಲಿಲ್ಲ, ಎದೆಯಲ್ಲಿ ಉಬ್ಬಸ. ಆ ಚಳಿಗಾಲ ದಾಟಿದರೂ ಮುಂದಿನ ಮಳೆಗಾಲ ಕಷ್ಟ ಎಂದು ಮಡಿಕೇರಿಯ ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅಕ್ಕನ ಅಣ್ಣ ಉತ್ತರದಲ್ಲೆಲ್ಲೋ ಮಿಲಿಟರಿಯಲ್ಲಿದ್ದ. ಮನೆಯಲ್ಲಿ ಅಪ್ಪ, ಮಗಳು, ಬಾಡಿಗೆಯ ನಾನು. ಮಗಳ ಹುಚ್ಚುಗಳನ್ನು ನೋಡುವುದೇ ಮುದುಕರಿಗೆ ದಿನದ ಕೆಲಸ.

"ಎಂತ ಮಗಳೇ, ಚಂದ್ರಲೋಕಕ್ಕೆ ಏಗ ಹೋದು?" ಎಂದು ತಮ್ಮ ಮನೆಮಾತು ಅರೆಭಾಷೆಯಲ್ಲಿ ದಿನಾ ಕೇಳುವರು. ಯಾವಾಗ ಹೊರಡುವುದು ಎಂದು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನೋಡಿ ಟೀಚರೇ, ನಾನು ಇರುವುದರೊಳಗೆ ಹಾರಿಸಿದರೆ ನಾನೂ ನೋಡ್ತೇನೆ. ಇಲ್ಲದಿದ್ರೆ ಮೇಲಿಂದಲೇ ನೋಡಬೇಕಾಗ್ತದೆ," ಎಂದು ನಗುವರು. ನಗು ಕೆಮ್ಮಾಗುತ್ತಿತ್ತು. ಅಕ್ಕ ನಗುತ್ತಿರಲಿಲ್ಲ. ಅಪ್ಪ ಕಣ್ಣಾರೆ ನೋಡಬೇಕು, ಹೋದದ್ದು ಅವರ ಎದುರಿಗೇ ತಿರುಗಿ ಬರಬೇಕು. ಆ ವರ್ಷ ಅವರಿಗೆ ಬೇರೆ ಆಸೆ ಇರಲಿಲ್ಲ.

ಹೀಗೆ ನಮ್ಮ ರಾಕೆಟ್ಟಿನ ಕೆಲಸ ಶುರುವಾಯಿತು. ನಮ್ಮ ಎಂದೆ, ನನ್ನ ಪಾಲು ಅಂಟು ಕಾಯಿಸುವುದು ಮತ್ತು ಭಯಪಡುವುದು. ಮೈಗೆ ಬಿದಿರಿನ ಅಂಡೆ, ಅದಕ್ಕೆ ಬಿಗಿಯಾಗಿ ಸುತ್ತಿದ ಸೆಣಬಿನ ದಾರ. ರೆಕ್ಕೆಗೂ ಮೂತಿಗೂ ತಗಡು. ತಗಡಿನ ಕೆಲಸಕ್ಕೆ ಮಡಿಕೇರಿಯ ಪೇಟೆಗೆ ಹೋದೆವು. ಡಬ್ಬ ರಿಪೇರಿಯ ಸಾಬರು ಅಕ್ಕ ಬರೆದ ಚಿತ್ರವನ್ನು ಅತ್ತ ಇತ್ತ ತಿರುಗಿಸಿ, "ಟೀಚರಮ್ಮ, ಇದು ಎಣ್ಣೆ ಹುಯ್ಯೋದಕ್ಕಾ? ಮೂತಿಗೆ ತೂತೇ ಇಲ್ವಲ್ಲ," ಎಂದರು. ಆಕಾಶಕ್ಕೆ ಹೋಗುವುದಕ್ಕೆ ಎಂದಾಗ ಚಿತ್ರವನ್ನು ಗೌರವದಿಂದ ಮಡಚಿ, "ಹಾಗಾದ್ರೆ ಡಬಲ್ ಬೆಸುಗೆ ಹಾಕ್ತೀನಿ," ಎಂದರು.

ಕೋವಿಯ ಮದ್ದು ಅಪ್ಪನ ಬೇಟೆಯ ಪೆಟ್ಟಿಗೆಯಿಂದ. ಅದನ್ನು ಎಷ್ಟು, ಹೇಗೆ ಎಂದು ನಾನು ಆಗಲೂ ನೋಡಲಿಲ್ಲ, ಈಗಲೂ ಹೇಳಲಾರೆ. ಅವರು ಅದನ್ನು ತುಂಬುವಾಗ ನಾನು ತೋಟದ ಆಚೆ ತುದಿಯಲ್ಲಿ ಇರುತ್ತಿದ್ದೆ. ಆದರೆ ಅದರ ಉಪಾಯವನ್ನು ನನಗೆ ಬಿಡಿಸಿ ಹೇಳಿದ್ದರು. ಒಳಗೆ ಎರಡು ಕಡೆ ಮದ್ದು. ಮೊದಲನೆಯದು ಸಿಡಿದರೆ ರಾಕೆಟ್ ಮೇಲೆ ಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ, ಅದು ಹೋಗುವಷ್ಟು ಹೋಗಿ ನಿಂತಾಗ, ಎರಡನೆಯದು ಸಿಡಿದು ಮೂತಿಯನ್ನು ಕಳಚಬೇಕು. ಒಳಗಿನ ಬಟ್ಟೆಯ ಕೊಡೆ ಬಿಚ್ಚಿಕೊಂಡು ಮೂತಿಯೊಳಗಿನ ಪ್ರಯಾಣಿಕನನ್ನು ಮೆಲ್ಲಗೆ ಇಳಿಸಬೇಕು.

"ಮೊದಲನೇ ಸದ್ದು ಕಳಿಸೋದು, ಎರಡನೇ ಸದ್ದು ವಾಪಸ್ ಕರೆಯೋದು," ಎಂದರು. ಅವರ ಕಣ್ಣು ಆಗ ಮಕ್ಕಳ ಕಣ್ಣಿನಷ್ಟು ಅಗಲವಾಗಿತ್ತು.

ಹುತ್ತರಿ ಹಬ್ಬ ಕಳೆದು ಗದ್ದೆ ಕೊಯ್ಲು ಮುಗಿದ ಮೇಲೆ, ಒಂದು ಭಾನುವಾರ ಪರೀಕ್ಷೆ. ಹೆಡ್‌ಮೇಷ್ಟ್ರು ಶಾಲೆಯ ಹೆಸರು ಎಲ್ಲಿಯೂ ಬರಕೂಡದು ಎಂದು ಕೈಮುಗಿದಿದ್ದರಿಂದ ಮನೆಯ ಕೆಳಗಿನ ಗದ್ದೆಯಲ್ಲೇ. ಪ್ರಯಾಣಿಕ ಒಂದು ಕಿತ್ತಳೆ. ಹಳೆ ಕೊಡೆಯಿಂದ ಬಿಚ್ಚಿದ ಕಪ್ಪು ಬಟ್ಟೆ ಅದರ ಸಂಗಾತಿ. ಅಕ್ಕ ಬತ್ತಿಗೆ ಕೊಳ್ಳಿ ತಾಗಿಸಿ ಓಡಿ ಬಂದು ಬದುವಿನ ಹಿಂದೆ ನನ್ನ ಪಕ್ಕ ಕುಕ್ಕರಿಸಿದರು. ಎಣಿಸಲಿಲ್ಲ. "ಇನ್ನೇನು, ಇನ್ನೇನು," ಎನ್ನುತ್ತಿದ್ದರು, ಅಷ್ಟೆ.

ಢಂ ಎಂದಿತು. ಬೆಟ್ಟಕ್ಕೆ ಬಡಿದು ಸದ್ದು ತಿರುಗಿ ಬಂತು. ರಾಕೆಟ್ ಹಲಸಿನ ಮರವನ್ನು ದಾಟಿ ಮೇಲೆ ಹೋಯಿತು. ಮತ್ತೆ ಢಂ. ಮೂತಿಯೇನೋ ಕಳಚಿತು, ಆದರೆ ಬಟ್ಟೆ ಭಾರವಾಗಿ ಸುತ್ತಿಕೊಂಡು, ಕಿತ್ತಳೆ ನೇರವಾಗಿ ಗದ್ದೆಗೆ ಬಿದ್ದು ಪಚ್ಚಡಿಯಾಯಿತು. ಅಕ್ಕ ಅದರ ಮುಂದೆ ಕೂತು ದಾರ ಎಲ್ಲಿ ಸಿಕ್ಕಿಕೊಂಡಿತು ಎಂದು ನೋಡುತ್ತಿದ್ದರು. ನಾನು ತಲೆ ಎತ್ತಿದೆ. ತೋಟದ ದಾರಿಯಲ್ಲಿ ಜನ ಬರುತ್ತಿದ್ದರು. ಒಬ್ಬಿಬ್ಬರಲ್ಲ, ಮೇಲಿನ ಮನೆಯವರು, ಹೊಳೆಯಾಚೆಯವರು, ಕಾಫಿ ಕೊಯ್ಯುತ್ತಿದ್ದ ಹೆಂಗಸರು ಸೊಂಟದ ಬುಟ್ಟಿಯ ಸಮೇತ. ನಮ್ಮ ರಾಕೆಟ್ ನೋಡಲು ಇಷ್ಟು ಜನವೇ ಎಂದು ನನಗೆ ಹಿಗ್ಗು. ಗದ್ದೆಯಿಂದ ಹತ್ತಿ ಬಂದು, ಅಂಗಳದಲ್ಲಿ ನಿಂತು, ಬಾಯಿತುಂಬ ನಗುತ್ತ, "ಬನ್ನಿ ಬನ್ನಿ, ಕೂತ್ಕೊಳಿ," ಎಂದು ಒಬ್ಬೊಬ್ಬರನ್ನೇ ಸ್ವಾಗತಿಸಿದೆ. ಅವರು ನನ್ನನ್ನು ನೋಡಿದ ನೋಟವನ್ನು ಇವತ್ತಿಗೂ ಮರೆತಿಲ್ಲ. ಒಬ್ಬಾಕೆಯ ಕೈಯಲ್ಲಿ ಮುಚ್ಚಿದ ಗಂಜಿಯ ಪಾತ್ರೆ. ಒಬ್ಬನ ಹೆಗಲ ಮೇಲೆ ಕೊಡಲಿ.

ನಾನು ಬಯಲುಸೀಮೆಯವಳು, ನನಗೆ ಗೊತ್ತಿರಲಿಲ್ಲ. ಆ ಕಡೆ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಎರಡು, ಒಂದರ ಹಿಂದೆ ಒಂದು. ಕೇಳಿಸಿದವರು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಹೊರಡಬೇಕು. ಸತ್ತ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ, ಅದಕ್ಕೆ ಗಂಜಿ. ಚಿತೆಗೆ ಮರ ಕಡಿಯಬೇಕು, ಅದಕ್ಕೆ ಕೊಡಲಿ. ಮುದುಕರು ತಿಂಗಳುಗಳಿಂದ ಮಂಚ ಹಿಡಿದದ್ದು ಎಲ್ಲರಿಗೂ ಗೊತ್ತು. ಆ ಮನೆಯ ಕಡೆಯಿಂದ ಎರಡು ಸದ್ದು ಬಂದರೆ ಇನ್ನೇನು ತಿಳಿಯಬೇಕು? ಗಾಳಿಯ ದಿಕ್ಕು, ಬತ್ತಿಯ ಉದ್ದ, ಕಿತ್ತಳೆಯ ತೂಕ ಎಲ್ಲ ಲೆಕ್ಕ ಹಾಕಿದ್ದ ಅಕ್ಕನಿಗೆ, ಆ ಊರಿನಲ್ಲೇ ಹುಟ್ಟಿ ಬೆಳೆದವರಿಗೆ, ಇದೊಂದು ಹೊಳೆದೇ ಇರಲಿಲ್ಲ.

ಎಲ್ಲರಿಗಿಂತ ಮೊದಲು ಜಗಲಿ ಹತ್ತಿದವರು ಆಚೆಮನೆ ಚಿಕ್ಕಪ್ಪ. ಅಕ್ಕನ ಅಪ್ಪನಿಗೆ ದಾಯಾದಿ ತಮ್ಮ. ಇಬ್ಬರಿಗೂ ಮಾತು ನಿಂತು ಎಷ್ಟೋ ವರ್ಷವಾಗಿತ್ತಂತೆ. ಒಂದು ಬೇಟೆಯಲ್ಲಿ ಹಂದಿಗೆ ಮೊದಲು ತಾಗಿದ ಗುಂಡು ಯಾರದು ಎಂಬ ಜಗಳ. ಆ ಮನುಷ್ಯ ಬರಿಗಾಲಲ್ಲಿ, ಅಂಗಿಯಿಲ್ಲದೆ, ಓಡಿ ಬಂದು ಮಂಚದ ಹತ್ತಿರ ನಿಂತರು. ಮಂಚದ ಮೇಲಿಂದ ಅಣ್ಣ ಕಣ್ಣು ಬಿಟ್ಟು ನೋಡುತ್ತಿದ್ದರು.

"ನಂಗೆ ಎಂತ ಆತ್ಲೆ," ಎಂದರು ಮುದುಕರು, ನನಗೇನೂ ಆಗಿಲ್ಲ ಎಂದು. ಒಳಗೆ ತಿರುಗಿ ಕೂಗಿದರು, "ಮಗಳೇ, ಕಾಫಿ ಮಾಡ್. ಜನ ಬಂದೊಳೊ."

ಚಿಕ್ಕಪ್ಪ ಮೆಟ್ಟಿಲ ಮೇಲೆ ಕುಸಿದು ಕೂತರು. ಮುಖ ಮುಚ್ಚಿಕೊಂಡರು. ಅಂಗಳದ ಜನ ಬುಟ್ಟಿ, ಕೊಡಲಿಗಳನ್ನು ಒಂದೊಂದಾಗಿ ಕೆಳಗಿಟ್ಟರು. ಮುದುಕರಿಗೆ ಮಾತ್ರ ಅಂಥ ಖುಷಿಯ ದಿನ ಮತ್ತೊಂದು ಬಂದಿರಲಾರದು. ಯಾರು ಬಂದರು, ಯಾರ ಕಣ್ಣು ಒದ್ದೆಯಾಗಿದೆ ಎಂದು ಕತ್ತು ಎತ್ತಿ ಎತ್ತಿ ನೋಡಿದರು. "ನನ್ನ ಸಾವಿಗೆ ಯಾರ್ಯಾರು ಬರ್ತಾರೆ ಅಂತ ಬದುಕಿರುವಾಗಲೇ ನೋಡಿದವನು ನಾನೊಬ್ಬನೇ, ಟೀಚರೇ," ಎಂದು ನನಗೆ ಸಂಜೆಯವರೆಗೂ ಹೇಳಿದರು. ಬಂದವರಿಗೆಲ್ಲ ನಾನು ಕಾಫಿ ಸೋಸಿ ಸೋಸಿ ಸುಸ್ತಾದೆ. ಆ ಗಂಜಿಯನ್ನೂ ಎಲ್ಲರೂ ಸೇರಿ ಕುಡಿದರು.

ಹೊರಡುವ ಮುಂಚೆ ಚಿಕ್ಕಪ್ಪ ಅಕ್ಕನ ಎದುರು ನಿಂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೋಡು ಮಗಳೇ, ನೀನು ಓದಿದವಳು. ನಿನ್ನ ಆಟ ನೀನು ಆಡು. ಆದರೆ ಎರಡು ಗುಂಡು ಅಂದ್ರೆ ನಮಗೆ ಒಂದೇ ಅರ್ಥ. ಇವತ್ತು ಬಂದೆವು. ನಾಳೆ ನಿಜವಾಗಿ ಹೊಡೆದಾಗ, ಓ ಅದು ಟೀಚರ ರಾಕೆಟ್ ಅಂತ ಯಾರೂ ಏಳದಿದ್ರೆ? ನಿನ್ನ ಅಪ್ಪನ್ನ ಹೊರಲಿಕ್ಕೆ ನೀನೂ ಈ ಟೀಚರೂ ಇಬ್ಬರೇ ಸಾಕಾ?"

ಅಕ್ಕ ಕೈಯಲ್ಲಿದ್ದ ದಾರವನ್ನು ಕೋಟಿನ ಜೇಬಿಗೆ ತುರುಕಿದರು. "ಇನ್ನು ಹೊಡೆಯಲ್ಲ ಚಿಕ್ಕಪ್ಪ," ಎಂದರು.

ಆಮೇಲಿನ ದಿನಗಳಲ್ಲಿ ಅವರು ಹಿಡಿದ ದಾರಿಗಳನ್ನು ನೆನೆದರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಎರಡನೇ ಸದ್ದನ್ನು ತೆಗೆದುಬಿಟ್ಟರೆ ರಾಕೆಟ್ ಹೋಗುತ್ತದೆ, ಬರುವುದಿಲ್ಲ. ಅದೂ ಅಲ್ಲದೆ ಒಂದೇ ಸದ್ದಾದರೆ ಗಂಡುಮಗು ಹುಟ್ಟಿತು ಎಂದು ಜನ ಬರುತ್ತಾರೆ. "ಮದುವೆಯಾಗದ ಇಬ್ಬರು ಟೀಚರುಗಳ ಮನೆಯಿಂದ!" ಎಂದು ನಾನು ಬಾಯಿ ಮುಚ್ಚಿಕೊಂಡೆ. ಸದ್ದಿಲ್ಲದೆ ಮೂತಿ ಕಳಚಲು ಇಲಿಬೋನಿನ ಸ್ಪ್ರಿಂಗ್ ಹಾಕಿ ನೋಡಿದರು. ಅದು ಅವರ ಬೆರಳನ್ನೇ ಕಚ್ಚಿತು. ಒದ್ದೆ ಬಟ್ಟೆ ಸುತ್ತಿ ನೋಡಿದರು, ಬತ್ತಿಯೇ ಆರಿತು. ಕೊನೆಗೆ ಬಿದಿರಿನ ಅಂಡೆಯನ್ನು ಅಟ್ಟದ ಮೇಲಿಟ್ಟು, ಶಾಲೆಯಿಂದ ಬಂದರೆ ಸುಮ್ಮನೆ ಅಪ್ಪನ ಮಂಚದ ಪಕ್ಕ ಕೂರತೊಡಗಿದರು. ರೊಟ್ಟಿಯ ಬಗ್ಗೆ ಕೂಡ ಏನನ್ನೂ ಕೇಳಲಿಲ್ಲ. ನನಗೆ ಆ ಮನೆ ಸಹಿಸಲಾಗಲಿಲ್ಲ.

ಮುದುಕರಿಗೂ ಆಗಲಿಲ್ಲ. ಒಂದು ಸಂಜೆ ಕೇಳಿದರು, "ಟೀಚರೇ, ಗುಂಡು ಹೊಡೆಯೋದು ಯಾಕೆ?"

"ಸತ್ತ ಸುದ್ದಿ ಮುಟ್ಟಿಸೋಕೆ."

"ಯಾರಿಗೆ?"

"ದೂರ ಇರೋರಿಗೆ."

"ಎಲ್ಲರೂ ಇಲ್ಲೇ, ನನ್ನ ಕಣ್ಣೆದುರಿಗೇ ಇದ್ರೆ? ಆಗ ಎಷ್ಟು ಸದ್ದಾದ್ರೆ ಏನು? ಸುದ್ದಿ ಯಾರಿಗೆ ಹೋಗಬೇಕು?"

ಅಕ್ಕ ತಲೆ ಎತ್ತಿದರು. ಅಟ್ಟದ ಏಣಿ ಹತ್ತಲು ಅವರು ಎದ್ದ ರಭಸಕ್ಕೆ ನನ್ನ ಕಾಫಿ ಲೋಟ ಉರುಳಿತು.

ಮದುವೆಗೆ ಕರೆಯುವ ಹಾಗೆ ಮನೆಮನೆಗೂ ಹೋದೆವು. ಸದ್ದು ಎಲ್ಲಿಯವರೆಗೆ ಕೇಳಿಸಬಹುದೋ ಅಲ್ಲಿಯವರೆಗೆ, ಗುಡ್ಡ ಹತ್ತಿ, ಹೊಳೆ ದಾಟಿ. "ಬರುವ ಭಾನುವಾರ ನಮ್ಮ ಗದ್ದೆಗೆ ಬರಬೇಕು. ಎಲ್ಲರೂ ಬರಬೇಕು. ಒಬ್ಬರು ಮನೆಯಲ್ಲಿ ಉಳಿದರೂ ನಾವು ಹಾರಿಸುವ ಹಾಗಿಲ್ಲ." ಆಚೆಮನೆ ಚಿಕ್ಕಪ್ಪನ ಬಾಗಿಲಲ್ಲಿ ಅಕ್ಕ ಹೆದರುತ್ತ ನಿಂತರು. ಅವರು ಎಲ್ಲವನ್ನೂ ಕೇಳಿ, "ಇದು ನಿನ್ನ ತಲೆಯಲ್ಲಿ ಹುಟ್ಟಿದ ಉಪಾಯ ಅಲ್ಲ. ಅಣ್ಣನದು," ಎಂದರು. "ಅವನ ಮಂಚ ಹೊತ್ತು ಗದ್ದೆಗೆ ತರುವವರು ಯಾರು? ನಾನು ಬರ್ತೇನೆ."

ಮೊದಲಿನ ಬಟ್ಟೆ ಭಾರವಾಗಿತ್ತಲ್ಲ. ಹಗುರವಾದದ್ದು ಬೇಕು ಎಂದು ಅಕ್ಕ ತಮ್ಮ ಪೆಟ್ಟಿಗೆ ಕೆದಕುತ್ತಿದ್ದಾಗ ಅಪ್ಪ ತಮ್ಮ ಚೇಲೆಯನ್ನು ತರಿಸಿದರು. ಹಬ್ಬಕ್ಕೂ ಮದುವೆಗೂ ಕುಪ್ಪಸವೆಂಬ ಗಂಡಸರ ನಿಲುವಂಗಿಯ ಮೇಲೆ ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆ.

"ಇದು ಬೇಡ ಅಪ್ಪ," ಎಂದರು ಅಕ್ಕ. ಅದನ್ನು ಇನ್ನು ಯಾವಾಗ ಉಡಿಸಬೇಕಾಗುತ್ತದೆ ಎಂದು ಮೂವರಿಗೂ ಗೊತ್ತಿತ್ತು.

"ಹೋದದ್ದು ಬರ್ತದೆ ಅಂತ ನೀನೇ ಹೇಳೋದಲ್ವಾ? ಬರದಿದ್ರೆ ನಿನ್ನ ಪಾಠ ಸುಳ್ಳು. ತಗೋ. ಮತ್ತೆ ಆ ಕಿತ್ತಳೆ ಕಳಿಸಬೇಡ, ಅದಕ್ಕೆ ಏನಾದರೂ ಯಾರಿಗೂ ಬೇಜಾರಿಲ್ಲ. ನನ್ನ ಕೋಳಿಯ ಮೊಟ್ಟೆ ಕಳಿಸು."

ಆ ಭಾನುವಾರ ನಮ್ಮ ಗದ್ದೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಅಷ್ಟು ಜನ ಬದುವಿನ ಮೇಲೆ ಸಾಲಾಗಿ, ನಡುವೆ ಮಂಚದ ಮೇಲೆ ದಿಂಬಿಗೆ ಒರಗಿ ಮುದುಕರು. ಮಂಚದ ಒಂದು ಕಾಲು ಹಿಡಿದು ಬಂದ ಚಿಕ್ಕಪ್ಪ ಅಲ್ಲೇ ಪಕ್ಕದಲ್ಲಿ ಕೂತಿದ್ದರು. ಇಬ್ಬರೂ ಹಂದಿಯ ವಿಷಯ ಮತ್ತೆ ಎತ್ತಿದ್ದರು, ಈ ಸಲ ನಗುತ್ತ. ಹೆಡ್‌ಮೇಷ್ಟ್ರು ತಾವು ಬಂದೇ ಇಲ್ಲ ಎಂಬಂತೆ ಮರದ ಹಿಂದೆ ನಿಂತಿದ್ದರು. ಅಕ್ಕ ಹತ್ತಿಯಲ್ಲಿ ಸುತ್ತಿದ ಮೊಟ್ಟೆಯನ್ನು ಮೂತಿಯೊಳಗಿಟ್ಟು, ಚೇಲೆಯನ್ನು ಮಡಿಕೆಯ ಮೇಲೆ ಮಡಿಕೆ ಹಾಕಿ ತುಂಬಿ, ಮುಚ್ಚಳ ಕೂರಿಸಿದರು.

"ಇನ್ನೇನು, ಇನ್ನೇನು."

ಮೊದಲನೇ ಸದ್ದು. ರಾಕೆಟ್ ಹೋಯಿತು. ಈ ಸಲ ಹಲಸಿನ ಮರವೆಲ್ಲಿ, ಅದರಾಚೆಯ ಗುಡ್ಡದ ನೆತ್ತಿಗಿಂತ ಮೇಲೆ, ಕಣ್ಣಿಗೆ ಒಂದು ಕಡ್ಡಿಯಾಗಿ, ಆಮೇಲೆ ಕಾಣದಾಗಿ. ಎರಡನೇ ಸದ್ದು ಬರಲಿಲ್ಲ.

ಇನ್ನೂ ಬರಲಿಲ್ಲ. ಅಕ್ಕ ನನ್ನ ಕೈ ಹಿಡಿದುಕೊಂಡರು. ಎರಡನೇ ಗುಂಡೆಂದರೆ ಬೆಚ್ಚಿ ಬೀಳುತ್ತಿದ್ದ ಜನ ಮುಖ ಮೇಲೆ ಮಾಡಿ ಅದಕ್ಕಾಗಿ ಕಾಯುತ್ತಿದ್ದರು. ಗಂಜಿ ತಂದಿದ್ದ ಹೆಂಗಸು ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದಳು. "ಹೊಡಿ, ಹೊಡಿ," ಎಂದು ಚಿಕ್ಕಪ್ಪ ಗೊಣಗಿದರು, ಯಾರಿಗೆ ಹೇಳಿದರೋ.

ಆಗ ಮೇಲೆ ಎಲ್ಲೋ ಸಣ್ಣಗೆ ಢಬ್ ಎಂದಿತು. ಆಕಾಶದಲ್ಲಿ ಒಂದು ಕೆಂಪು ಚುಕ್ಕೆ. ಅದು ಅಗಲವಾಯಿತು, ತೂಗಿತು, ಬಿಸಿಲಿಗೆ ಹೊಳೆಯಿತು. ಅಷ್ಟು ಜನ ಒಟ್ಟಿಗೆ ಕೂಗಿದ ಕೂಗನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಚೇಲೆ ಗಾಳಿಗೆ ವಾಲುತ್ತ ಹೊಳೆಯ ಕಡೆ ಹೋಗಿ ಕಾಫಿ ಗಿಡಗಳ ಮೇಲೆ ಇಳಿಯಿತು. ಚಿಕ್ಕಪ್ಪ ತಾವೇ ಓಡಿಹೋಗಿ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಅಣ್ಣನ ಮಡಿಲಲ್ಲಿ ಇಟ್ಟರು. ರೇಷ್ಮೆಯ ಒಂದು ಅಂಚು ಸುಟ್ಟಿತ್ತು. ಅಕ್ಕ ಹತ್ತಿ ಬಿಡಿಸಿದರು. ಮೊಟ್ಟೆಗೆ ಸಣ್ಣ ಬಿರುಕು ಬಿಟ್ಟಿತ್ತು, ಸೋರಿರಲಿಲ್ಲ.

"ಬಿರುಕು ಬಿಟ್ಟಿದೆ ಅಪ್ಪ," ಎಂದರು, ಅಳು ಬರುವ ದನಿಯಲ್ಲಿ.

ಮುದುಕರು ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಡಚದ ಕಾಲನ್ನು ತಟ್ಟಿಕೊಂಡು, "ಬರ್ಮಾದಿಂದ ನಾನೂ ಹೀಗೇ ಬಂದದ್ದು. ಬಂತಲ್ಲ, ಸಾಕು," ಎಂದರು.

ಆ ಮೊಟ್ಟೆಯನ್ನು ಆ ಸಂಜೆಯೇ ಬೇಯಿಸಿ ಉಪ್ಪು ಮೆಣಸು ಹಾಕಿ ಕೊಟ್ಟೆ. ಅರ್ಧ ತಿಂದು ಉಳಿದರ್ಧವನ್ನು ತಮ್ಮನಿಗೆ ಕೊಟ್ಟರು.

ಮಳೆಗಾಲ ಹಿಡಿದಾಗ ಡಾಕ್ಟರು ಹೇಳಿದ್ದು ನಿಜವಾಯಿತು. ಆ ದಿನ ಅಪ್ಪನ ಉಸಿರಾಟ ಸರಿಯಿಲ್ಲ ಎಂದು ಅಕ್ಕ ಶಾಲೆಗೆ ಬಂದಿರಲಿಲ್ಲ. ನಾನು ಪದ್ಯ ಪಾಠ ಮಾಡುತ್ತಿದ್ದೆ. ಮನೆಯ ಕಡೆಯಿಂದ ಒಂದು ಗುಂಡು ಕೇಳಿಸಿತು. ಮಕ್ಕಳು ತಲೆ ಎತ್ತಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಯಾರಿಗೋ ಗಂಡುಮಗು, ಟೀಚರ್," ಎಂದಳು. ನಾನು ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಏನೋ ಹೊಸ ಪರೀಕ್ಷೆ ಮಾಡುತ್ತಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ, ನಂಬಿಯೂ ಬಿಟ್ಟೆ. ಬೋರ್ಡಿಗೆ ತಿರುಗಿ ಇನ್ನೊಂದು ಸಾಲು ಬರೆಯುವಾಗ ಎರಡನೆಯದು ಕೇಳಿಸಿತು.

ಯಾರೂ ಬರದೆ ಹೋದರೆ ಎಂಬ ಭಯ ನನಗೆ ಆ ದಾರಿಯುದ್ದಕ್ಕೂ ಇತ್ತು. ನಾನು ತಲುಪುವ ಹೊತ್ತಿಗೆ ಅಂಗಳ ತುಂಬಿತ್ತು. ಎಲ್ಲ ಮನೆಯವರೂ ಬಂದಿದ್ದರು, ಕೊಡೆಯಿಲ್ಲದೆ ಕೂಡ ಬಂದಿದ್ದರು. ಚಿಕ್ಕಪ್ಪ ಮಂಚದ ಕಾಲನ್ನು ಹಿಡಿದು ಕೂತಿದ್ದರು, ಬಿಡಿಸಲು ಯಾರಿಗೂ ಧೈರ್ಯವಿರಲಿಲ್ಲ. ಉಡಿಸುವಾಗ ಯಾರೋ, ಚೇಲೆಯ ಅಂಚು ಸುಟ್ಟಿದೆ, ಬೇರೆ ತರೋಣವೇ ಎಂದರು. "ಅದೇ ಇರಲಿ," ಎಂದರು ಚಿಕ್ಕಪ್ಪ, "ಅದು ಹೋಗಿ ಬಂದದ್ದು."

ನನ್ನ ಬಾಯಿ ಸುಮ್ಮನಿರದು. ತಿಥಿ ಕಾರ್ಯ ಎಲ್ಲ ಮುಗಿದ ಮೇಲೆ ಒಂದು ದಿನ ಒಲೆಯ ಮುಂದೆ ಕೇಳಿಯೇಬಿಟ್ಟೆ. "ಅಕ್ಕ, ಅವತ್ತು ಕೋವಿ ಕೈಕೊಟ್ಟಿತಾ? ಎರಡನೇದು ಅಷ್ಟೊಂದು ತಡ ಆಯ್ತಲ್ಲ."

"ಕೋವಿಗೆ ಏನಾಗಿಲ್ಲ. ಅದು ಜೋಡುನಳಿಗೆ. ಎರಡೂ ತುಂಬಿಸಿಯೇ ಇಟ್ಟಿದ್ದೆ."

"ಮತ್ತೆ?"

ಅವರು ಕೊಳ್ಳಿಯನ್ನು ಒಲೆಯೊಳಕ್ಕೆ ದೂಡಿದರು. "ಒಂದೇ ಹೊಡೆದ್ರೆ ಊರಿನ ಲೆಕ್ಕದಲ್ಲಿ ಅಪ್ಪ ಇನ್ನೂ ಸತ್ತಿಲ್ಲ, ಅಲ್ವಾ? ಗದ್ದೆಯಲ್ಲಿ ಎರಡನೇದಕ್ಕೆ ನಾವೆಲ್ಲ ಹೇಗೆ ಕಾದೆವು, ನೆನಪುಂಟಾ? ಅವತ್ತು ಅದು ನನ್ನ ಕೈಯಲ್ಲಿ ಇರ್ಲಿಲ್ಲ. ಮೊನ್ನೆ ಇತ್ತು. ಸ್ವಲ್ಪ ಹೊತ್ತು ಇಟ್ಕೊಂಡೆ."

ಆಮೇಲೆ ನನಗೆ ವರ್ಗವಾಯಿತು, ಮದುವೆಯಾಯಿತು, ನಾನು ಕುಶಾಲನಗರಕ್ಕೇ ಮರಳಿದೆ. ಅವರು ಆ ಮನೆಯಲ್ಲೇ ಇದ್ದು, ಆ ಶಾಲೆಯಲ್ಲೇ ನಿವೃತ್ತರಾದರು. ಮತ್ತೆ ರಾಕೆಟ್ ಮಾಡಲಿಲ್ಲ. ಏಡಿಗಳು, ಮಳೆ, ಜೇನು ಹೀಗೆ ಬೇರೆ ಬೇರೆ ಹುಚ್ಚು. ಎಷ್ಟೋ ವರ್ಷದ ಮೇಲೆ, ಆಕಾಶಕ್ಕೆ ಹೋಗಿ ವಿಮಾನದ ಹಾಗೆ ನೆಲಕ್ಕೆ ಇಳಿದು ಮತ್ತೆ ಹೋಗಬಲ್ಲ ನೌಕೆಯೊಂದನ್ನು ಅಮೆರಿಕದವರು ಹಾರಿಸಿದ ಸುದ್ದಿ ಬಂತು. ನಾನು ಪೇಪರ್ ಹಿಡಿದುಕೊಂಡೇ ಬಸ್ಸು ಹತ್ತಿ ಹೋದೆ. "ನೋಡಿದ್ರಾ ಅಕ್ಕ? ಹೋದದ್ದು ಬಂತು!"

"ನೋಡಿದೆ," ಎಂದರು. "ತಡ ಮಾಡಿದ್ರು."

ಕಳೆದ ತಿಂಗಳು ಅವರ ಅಣ್ಣನ ಮಗ ಫೋನ್ ಮಾಡಿ ಅಕ್ಕ ಹೋದ ವಿಷಯ ಹೇಳಿದ. ಎಲ್ಲ ಮುಗಿದು ಎರಡು ದಿನವಾಗಿತ್ತು. ಬೆಟ್ಟಗಳ ಈಚೆ ನನಗೆ ಗುಂಡಿನ ಸದ್ದು ಹೇಗೆ ಕೇಳಿಸಬೇಕು? ನೋವಿತ್ತಾ, ಯಾರಿದ್ದರು ಎಂದೆಲ್ಲ ಕೇಳಿದ ಮೇಲೆ, "ಗುಂಡು ಹೊಡೆದಿರಾ?" ಎಂದೆ.

"ಹೊಡೆದೆವು ಟೀಚರ್. ಸರಿಯಾಗಿ, ಒಂದರ ಹಿಂದೆ ಒಂದು, ಎರಡೂ."

ಅವನು ಮಾಡಿದ್ದರಲ್ಲಿ ತಪ್ಪೇನಿಲ್ಲ, ಪದ್ಧತಿ ಇರುವುದೇ ಹಾಗೆ. ಆದರೂ ನಾನು ಅಲ್ಲಿ ಇದ್ದಿದ್ದರೆ ಅವನ ಕೈ ಹಿಡಿದು, ಇನ್ನು ಸ್ವಲ್ಪ ಹೊತ್ತು ತಡಿಯಪ್ಪ ಎನ್ನುತ್ತಿದ್ದೆ.